ಗಾಲ್ಫ್ ಪಟ್ಟಿಂಗ್ ಅಭ್ಯಾಸಕ್ಕೆ ಯಾವ ಸಾಧನ ಒಳ್ಳೆಯದು? ಬಳಸಿದವರು ಹೇಳಿ

ಪ್ರಶ್ನೆ: ದೂರದ ಹೊಡೆತ ಡ್ರೈವ್ ಪರವಾಗಿಲ್ಲ, ಐರನ್ ಕ್ಲಬ್ ಹೊಡೆತ ಕೂಡ ನಡೆಯುತ್ತದೆ. ಗ್ರೀನ್ (ಹೋಲ್ ಸುತ್ತಲಿನ ನುಣುಪಾದ ಹುಲ್ಲು) ಮೇಲೆ ಕಾಲಿಟ್ಟ ಮೇಲೆ ಮಾತ್ರ ಎಲ್ಲ ಕೆಡುತ್ತದೆ. ಐದಾರು ಅಡಿಯ ಪಟ್ (ಬಾಲ್ ಉರುಳಿಸಿ ಹೋಲ್‌ಗೆ ಹಾಕುವ ಹೊಡೆತ) ಕೂಡ ತಪ್ಪುತ್ತಿದೆ. ಮಿರರ್, ಗೇಟ್, ಮ್ಯಾಟ್, ಲೇಸರ್ ಅಂತ ಏನೇನೋ ಸಿಗುತ್ತವೆ. ನಿಜವಾಗಿ ಉಪಯೋಗಕ್ಕೆ ಬಂದದ್ದು ಯಾವುದು?

ಉತ್ತರ: ದುಡ್ಡು ಹಾಕುವ ಮೊದಲು ಒಂದು ಕೆಲಸ ಮಾಡಿ. ತಪ್ಪಿದ ಪಟ್ ಎಲ್ಲಿಗೆ ಹೋಗುತ್ತಿದೆ ಅಂತ ಕೆಲವು ಆಟ ಬರೆದಿಡಿ. ಯಾವಾಗಲೂ ಒಂದೇ ಪಕ್ಕಕ್ಕೆ ಹೋದರೆ ನಿಂತುಕೊಳ್ಳುವುದರಲ್ಲೋ ಗುರಿ ಹಿಡಿಯುವುದರಲ್ಲೋ ಎಡವಟ್ಟಿದೆ, ಅದಕ್ಕೆ ಮಿರರ್, ಅಂದರೆ ನೆಲದ ಮೇಲಿಟ್ಟು ನಿಂತ ರೀತಿ ನೋಡಿಕೊಳ್ಳುವ ಕನ್ನಡಿ. ಒಮ್ಮೆ ಎಡ, ಒಮ್ಮೆ ಬಲ ಅಂತ ಚೆದುರಿದರೆ ಪಟರ್‌ನ (ಪಟ್ ಮಾಡುವ ಕ್ಲಬ್) ಫೇಸ್, ಅಂದರೆ ಬಾಲ್‌ಗೆ ತಾಗುವ ಮುಖ, ಕೈಯಲ್ಲಿ ನಿಲ್ಲುತ್ತಿಲ್ಲ, ಅದಕ್ಕೆ ಗೇಟ್, ಅಂದರೆ ಬಾಲ್ ತೂರಿ ಹೋಗಬೇಕಾದ ಕಿರಿದಾದ ಸಂದು. ಲೈನ್ ಸರಿಯಾಗಿದ್ದು ಬಾಲ್ ಹೋಲ್ ತನಕ ಹೋಗುತ್ತಲೇ ಇಲ್ಲ ಅಂದರೆ ಇವೆರಡೂ ಬೇಡ. ಎಲ್ಲರೂ ಕೊಂಡರು ಅಂತ ಕೊಂಡ ಸಾಧನ ಮೂಲೆ ಸೇರುವುದು ಇದಕ್ಕೇ.

ಅಂದ ಹಾಗೆ ತುಂಬಾ ಬೇಜಾರು ಮಾಡಿಕೊಳ್ಳಬೇಡಿ. ಅಮೆರಿಕದ ಪಿಜಿಎ ಟೂರ್‌ನ ವೃತ್ತಿಪರ ಆಟಗಾರರೇ 8 ಅಡಿಯಿಂದ ಹೆಚ್ಚುಕಮ್ಮಿ ಅರ್ಧದಷ್ಟು ಪಟ್ ಮಾತ್ರ ಹಾಕುತ್ತಾರೆ.

ಉತ್ತರ: ನನ್ನ ಓಟು ಗೇಟ್‌ಗೆ. ಅದೂ ಅಂಗಡಿಯದಲ್ಲ, ಎರಡು ಟೀ (ಬಾಲ್ ಇಡುವ ಚಿಕ್ಕ ಗೂಟ) ಸಾಕು. ಯಾಕೆ ಅಂತ ಲೆಕ್ಕ ಹಾಕಿ ನೋಡಿ. ಹೋಲ್ ಅಗಲ 4.25 ಇಂಚು, ಅಂದರೆ ನಡುವಿನಿಂದ ಅಂಚಿಗೆ 2 ಇಂಚು ಚಿಲ್ಲರೆ. 10 ಅಡಿ ದೂರದಿಂದ ಬಾಲ್ ಬರೀ 1 ಡಿಗ್ರಿ ಓರೆಯಾಗಿ ಹೊರಟರೂ ಹೋಲ್ ಹತ್ತಿರ ಬರುವಾಗ 2 ಇಂಚು ಪಕ್ಕಕ್ಕೆ ಹೋಗಿರುತ್ತದೆ. ಅಂಚಿಗೆ ತಾಗಿದರೆ ತಾಗಿತು, ಇಲ್ಲದಿದ್ದರೆ ಇಲ್ಲ. 20 ಅಡಿಗೆ ಅದೇ 1 ಡಿಗ್ರಿ 4 ಇಂಚು ದಾಟುತ್ತದೆ. ಇನ್ನು ಬಾಲ್ ಯಾವ ದಿಕ್ಕಿಗೆ ಹೊರಡುತ್ತದೆ ಅನ್ನುವುದನ್ನು ಬಹುಪಾಲು ತೀರ್ಮಾನಿಸುವುದು ಫೇಸ್. ಪಟರ್ ಹಾದಿಯ ಪಾಲು ಕಡಿಮೆ. ಹಾಗಾಗಿ ಸ್ಟ್ರೋಕ್ ನೇರವೋ, ಬಾಗಿದೆಯೋ ಅಂತ ತಲೆ ಕೆಡಿಸಿಕೊಳ್ಳುವುದಕ್ಕಿಂತ ಫೇಸ್ ನೋಡಿ.

ಮಾಡುವ ರೀತಿ ಹೀಗೆ. ಸಮತಟ್ಟಾದ ಜಾಗ ಹುಡುಕಿ. ಬಾಲ್‌ನಿಂದ ಒಂದು ಅಡಿ ಮುಂದೆ ಎರಡು ಟೀ ಚುಚ್ಚಿ, ನಡುವೆ 2 ಇಂಚು ಬಿಡಿ. ಬಾಲ್ ಅಗಲ 1.68 ಇಂಚು. ಎರಡೂ ಪಕ್ಕಕ್ಕೆ ಉಳಿಯುವುದು 4 ಮಿಲಿಮೀಟರ್ ಆಸುಪಾಸು. ಅದರಲ್ಲಿ ತೂರಿತು ಅಂದರೆ ಬಾಲ್ ಮುಕ್ಕಾಲು ಡಿಗ್ರಿಯ ಒಳಗೆ ಹೊರಟಿದೆ ಅಂತ ಅರ್ಥ. ತಪ್ಪಿದರೆ ಟೀಗೆ ಬಡಿದು ಟಕ್ ಅನ್ನುತ್ತದೆ, ಬಾಲ್ ಅಡ್ಡಕ್ಕೆ ಹಾರುತ್ತದೆ. ಯಾವ ಟೀಗೆ ಬಡಿಯಿತು ಅನ್ನುವುದೇ ಉತ್ತರ. ಶುರುವಿಗೆ ಸ್ವಲ್ಪ ಅಗಲವಾಗಿಯೇ ಇಟ್ಟುಕೊಳ್ಳಿ, ಇಲ್ಲದಿದ್ದರೆ ಹತ್ತು ನಿಮಿಷಕ್ಕೆ ಸಿಟ್ಟು ಬಂದು ಟೀ ಕಿತ್ತು ಬಿಸಾಕುತ್ತೀರಿ.

ಉತ್ತರ: ಗೇಟ್ ಒಳ್ಳೆಯದೇ. ಆದರೆ ತಪ್ಪಾಗಿ ನಿಂತು, ಕೈ ತಿರುಗಿಸಿ ಸರಿ ಮಾಡಿಕೊಂಡರೂ ಗೇಟ್ ಪಾಸ್ ಮಾಡಿಬಿಡುತ್ತದೆ. ಅದಕ್ಕೆ ನಾನು ಮಿರರ್ ಪರ. ಅದನ್ನು ಬಾಲ್‌ನ ಅಡಿಗೆ ಇಟ್ಟು ಬಗ್ಗಿದರೆ ಕಣ್ಣು ಎಲ್ಲಿದೆ ಅಂತ ಕಾಣುತ್ತದೆ. ಬಾಲ್‌ನ ನೇರ ಮೇಲೆ ಅಥವಾ ಸ್ವಲ್ಪ ನಿಮ್ಮ ಕಡೆಗೆ ಇದ್ದರೆ ಸಾಕು. ಲೈನ್ ದಾಟಿ ಆಚೆ ಹೋಗಿದ್ದರೆ ಹಿಂದೆ ಸರಿಯಿರಿ. ಅದಕ್ಕಿಂತ ಮುಖ್ಯ ಭುಜ. ಬಲಗೈ ಆಟಗಾರರಿಗೆ ಬಲಗೈ ಹಿಡಿತದಲ್ಲಿ ಕೆಳಗಿರುತ್ತದೆ ಅಲ್ವಾ, ಅದರ ಜೊತೆ ಬಲ ಭುಜ ಮುಂದೆ ಬಂದು ಎರಡೂ ಭುಜ ಎಡಕ್ಕೆ ನೋಡುತ್ತಿರುತ್ತವೆ. ನಮಗೆ ಮಾತ್ರ ನೇರ ನಿಂತ ಹಾಗೇ ಅನಿಸುತ್ತದೆ.

ಮಧ್ಯಾಹ್ನದ ಬಿಸಿಲಲ್ಲಿ ಮಾತ್ರ ಬೇಡ, ಕಣ್ಣು ಕುಕ್ಕುತ್ತದೆ.

ಉತ್ತರ: ಮ್ಯಾಟ್ ಬಗ್ಗೆ ಯಾರೂ ಹೇಳಿಲ್ಲ. ಮನೆಯಲ್ಲಿ ಸ್ಟ್ರೋಕ್ ಮರೆಯದಿರುವುದಕ್ಕೆ ಚೆನ್ನಾಗಿದೆ, ಅಷ್ಟೇ. ಕೊನೆಯಲ್ಲಿ ಏರು ಇರುವ ಮ್ಯಾಟ್ ಅಂತೂ ಬೇಡ. ಆ ಏರು ಹತ್ತಿಸುವುದಕ್ಕೆ ದಿನಾ ಜೋರಾಗಿ ಹೊಡೆದು ಕೈ ಅದಕ್ಕೇ ಒಗ್ಗುತ್ತದೆ, ಆಮೇಲೆ ನಿಜವಾದ ಗ್ರೀನ್ ಮೇಲೆ ಬಾಲ್ ಮೂರಡಿ ಆಚೆ. ವೇಗ ಜಾಸ್ತಿಯಾದಷ್ಟೂ ಹೋಲ್ ಚಿಕ್ಕದಾದ ಹಾಗೆಯೇ, ಅಂಚಿಗೆ ಬಂದ ಬಾಲ್ ಒಳಗೆ ಬೀಳುವುದಿಲ್ಲ. ತಪ್ಪಿದರೆ ಬಾಲ್ ಹೋಲ್ ದಾಟಿ 17 ಇಂಚಿಗೆ ನಿಲ್ಲಬೇಕು ಅಂತ ಗಾಲ್ಫ್ ಕೋಚ್ ಡೇವ್ ಪೆಲ್ಜ್ ಹೇಳುತ್ತಿದ್ದರು. ಹೋಲ್ ಹಿಂದೆ ಆ ದೂರಕ್ಕೆ ಒಂದು ಕ್ಲಬ್ ಅಡ್ಡ ಇಟ್ಟು, ಅದಕ್ಕೆ ತಾಗದ ಹಾಗೆ ಪಟ್ ಮಾಡಿ. ದೂರದ ಅಂದಾಜಿಗೆ ಇಷ್ಟು ಸಾಕು, ಯಾವ ಸಾಧನವೂ ಬೇಡ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ನಾನು ಬಲಗೈ ಆಟಗಾರ. ಯೋಚಿಸಿ ನೋಡಿದರೆ ತಪ್ಪಿದ್ದರಲ್ಲಿ ಹೆಚ್ಚಿನವು ಎಡಕ್ಕೇ. ಹಾಗಾದರೆ ಮಿರರ್ ತಗೊಳ್ಳಲಾ? ಆಟದ ಮಧ್ಯೆಯೂ ಇಟ್ಟು ನೋಡಿಕೊಳ್ಳಬಹುದಾ?

ಉತ್ತರ: ತಗೊಳ್ಳಿ. ಆಟದ ಮಧ್ಯೆ ಮಾತ್ರ ಬೇಡ. ರೌಂಡ್ ನಡೆಯುವಾಗ ಇಂಥದ್ದನ್ನು ಬಳಸಿದರೆ ಗಾಲ್ಫ್ ನಿಯಮ 4.3 ಅಡ್ಡ ಬರುತ್ತದೆ. ಸ್ಟ್ರೋಕ್ ಪ್ಲೇಯಲ್ಲಿ (ಒಟ್ಟು ಹೊಡೆತ ಎಣಿಸುವ ಆಟ) ಮೊದಲ ಸಲ 2 ಸ್ಟ್ರೋಕ್ ದಂಡ, ಮತ್ತೆ ಮಾಡಿದರೆ ಆಟದಿಂದಲೇ ಹೊರಗೆ. ಬಾಲ್ ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆದು, ಅದನ್ನು ಲೈನ್‌ಗೆ ಹೊಂದಿಸಿ ಇಡುವುದಕ್ಕೆ ಅಡ್ಡಿಯಿಲ್ಲ. ಅಭ್ಯಾಸಕ್ಕೂ ಅದೇ ಗೆರೆ ಬಳಸಿ. ಪಟ್ ಮಾಡಿದ ಮೇಲೆ ಗೆರೆ ಓಲಾಡದೆ ಉರುಳಿದರೆ ಹೊಡೆತ ಸರಿ ಬಿದ್ದಿದೆ. ತೂಗಾಡಿದರೆ ಫೇಸ್ ಓರೆಯಾಗಿದೆ, ಅಥವಾ ಬಾಲ್ ಇಡುವಾಗಲೇ ಗೆರೆ ಸರಿ ಕೂತಿಲ್ಲ.

ಉತ್ತರ: ಮಿರರ್ ಜೊತೆ ಒಂದು ಕ್ರಮ ಇಟ್ಟುಕೊಳ್ಳಿ. ಐದಾರು ಪಟ್ ಮಿರರ್ ಮೇಲೆ, ಆಮೇಲೆ ಅದನ್ನು ಪಕ್ಕಕ್ಕೆ ಎತ್ತಿಟ್ಟು ಅಷ್ಟೇ ಪಟ್ ಬರಿಗಣ್ಣಲ್ಲಿ. ಹೊತ್ತು ಪೂರ್ತಿ ಮಿರರ್ ನೋಡುತ್ತಾ ನಿಂತರೆ ಅದಿಲ್ಲದೆ ಗುರಿಯೇ ಸಿಗುವುದಿಲ್ಲ. ಎರಡು ಟೀ ಗೇಟ್ ಅನ್ನೂ ಜೊತೆಗೇ ಇಡಿ. ಕೆಲವು ಮಿರರ್‌ಗಳಲ್ಲಿ ಅದಕ್ಕೇ ತೂತು ಇರುತ್ತವೆ. ನಿಂತದ್ದು ಸರಿಯಾಗಿದ್ದೂ ಬಾಲ್ ಎಡದ ಟೀಗೇ ಬಡಿಯುತ್ತಿದ್ದರೆ ಫೇಸ್ ಎಡಕ್ಕೆ ಮುಚ್ಚುತ್ತಿದೆ ಅಂತ ಆಗ ಗೊತ್ತಾಗುತ್ತದೆ.

ಉತ್ತರ: ಹೊಸ ಮಿರರ್ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ, ಅದನ್ನು ಕಿತ್ತುಬಿಡಿ. ಗೆಳೆಯರೊಬ್ಬರು ಮಸುಕು ಮಸುಕಾಗಿ ಕಾಣುತ್ತದೆ ಅಂತ ವಾಪಸ್ ಕಳಿಸುವುದರಲ್ಲಿದ್ದರು! ಬ್ಯಾಗಿಗೆ ಹಾಗೇ ತುರುಕಬೇಡಿ, ಗೀರು ಬೀಳುತ್ತದೆ. ಹಳೆಯ ಟವಲ್‌ನಲ್ಲಿ ಸುತ್ತಿಡಿ.