ಬಾಯಿ ತೆರೆದ ಮೊಸಳೆ, ಕೊಕ್ಕು ತೆರೆದ ಹೆಜ್ಜಾರ್ಲೆ: ಎರಡಕ್ಕೂ ಕಾರಣ ಒಂದೇ?

ಪ್ರಶ್ನೆ:
ರಂಗನತಿಟ್ಟಿನ ಬಂಡೆಗಳ ಮೇಲೆ ಮೊಸಳೆಗಳು ಬಾಯಿ ತೆರೆದುಕೊಂಡು ಬಹಳ ಹೊತ್ತು ಅಲುಗಾಡದೆ ಮಲಗಿರುತ್ತವೆ. ಬಿಸಿಲೇರಿದಾಗ ಅಲ್ಲಿಯೇ ಮರದ ಮೇಲಿರುವ ಹೆಜ್ಜಾರ್ಲೆಗಳೂ ಕೊಕ್ಕು ತೆರೆದು ಗಂಟಲ ಚೀಲವನ್ನು ಅದುರಿಸುತ್ತವೆ. ಒಂದು ಶೀತರಕ್ತದ ಪ್ರಾಣಿ, ಇನ್ನೊಂದು ಬಿಸಿರಕ್ತದ್ದು. ಹಾಗಿದ್ದೂ ಎರಡರ ವರ್ತನೆ ಒಂದೇ ತೆರನಾಗಿ ಕಾಣುವುದೇಕೆ?

ಉತ್ತರ 1:
ಎರಡೂ ಬಾಯಿಯ ತೇವವನ್ನು ಆವಿಯಾಗಿಸಿ ಶಾಖ ಕಳೆದುಕೊಳ್ಳುತ್ತವೆ. ಆದರೆ ಆ ಶಾಖ ಬಂದ ದಾರಿ ಬೇರೆ. ಹೆಜ್ಜಾರ್ಲೆಯ ಶಾಖ ಅದರ ಜೀವಕೋಶಗಳಲ್ಲೇ ಹುಟ್ಟುತ್ತದೆ. ಹಕ್ಕಿಗಳ ಮೈ ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ, ಅವುಗಳಿಗೆ ಬೆವರಿನ ಗ್ರಂಥಿಗಳಿಲ್ಲ. ಆದ್ದರಿಂದ ತೆಳುವಾದ ಗಂಟಲ ಚೀಲವನ್ನು ಅದುರಿಸುವುದು ಕಡಿಮೆ ಶ್ರಮದ ಉಪಾಯ. ಮೊಸಳೆಗಾದರೋ ಶಾಖವೆಲ್ಲ ಹೆಚ್ಚುಕಡಿಮೆ ಹೊರಗಿನದೇ. ಬಿಸಿಲಿಗೆ ಮೈಯೊಡ್ಡಿದಾಗ ಅದರ ಚರ್ಮದ ರಕ್ತನಾಳಗಳು ಹಿಗ್ಗಿ ಶಾಖವನ್ನು ಒಳಕ್ಕೆ ಸಾಗಿಸುತ್ತವೆ. ನೀರಿಗಿಳಿದು ತಂಪಾಗುವಾಗ ಅವೇ ನಾಳಗಳು ಕುಗ್ಗಿ, ಹೃದಯದ ಬಡಿತವೂ ನಿಧಾನವಾಗುವುದರಿಂದ, ಗಳಿಸಿದ ಶಾಖ ಬಂದಷ್ಟು ಬೇಗ ಹೋಗುವುದಿಲ್ಲ. ಬಾಯಿ ತೆರೆದಿದ್ದರೆ ಮೈ ಕಾಯುತ್ತಿರುವಾಗಲೂ ತಲೆ ಅತಿಯಾಗಿ ಬಿಸಿಯಾಗದು. ಆದರೆ ಮೊಸಳೆಗಳು ರಾತ್ರಿಯಲ್ಲೂ ಮಳೆಯಲ್ಲೂ ಬಾಯಿ ತೆರೆಯುವುದುಂಟು. ಹಾಗಾಗಿ ತಂಪಾಗುವುದೊಂದೇ ಉದ್ದೇಶವೆಂದು ನಾನು ಹೇಳಲಾರೆ.

ಉತ್ತರ 2:
ಅದೇ ತಾಣದ ಬಣ್ಣದ ಕೊಕ್ಕರೆಗಳ ಕಾಲನ್ನೂ ಗಮನಿಸಿ. ಸೆಕೆ ಹೆಚ್ಚಾದಾಗ ಅವು ತಮ್ಮ ಕಾಲಿನ ಮೇಲೆಯೇ ನೀರುನೀರಾದ ಹಿಕ್ಕೆ ಹಾಕಿಕೊಳ್ಳುತ್ತವೆ. ಅದು ಆರುವಾಗ ಕಾಲಿನಲ್ಲಿ ಹರಿಯುವ ರಕ್ತ ತಂಪಾಗುತ್ತದೆ. ಗುಲಾಬಿ ಕಾಲಿನ ಮೇಲಿನ ಬಿಳಿ ಲೇಪ ರೋಗದ್ದಲ್ಲ. ರೆಕ್ಕೆ ಹರಡಿ ಮರಿಗಳಿಗೆ ನೆರಳು ಮಾಡುವುದಂತೂ ದೋಣಿಯಿಂದಲೇ ಕಾಣುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಹಕ್ಕಿಯ ವ್ಯವಸ್ಥೆಯೇ ಮೇಲು ಎನ್ನಬಹುದೇ?

ಉತ್ತರ 1:
ಮೇಲೆನ್ನುವುದಕ್ಕಿಂತ ದುಬಾರಿ ಎನ್ನಬೇಕು. ಅಷ್ಟೇ ತೂಕದ ಹಕ್ಕಿಗೆ ಅಥವಾ ಸಸ್ತನಿಗೆ ಬೇಕಾಗುವ ಆಹಾರದಲ್ಲಿ ಸರೀಸೃಪಕ್ಕೆ ಹತ್ತನೆಯ ಒಂದು ಪಾಲೂ ಬೇಕಿಲ್ಲ. ಆದ್ದರಿಂದಲೇ ದೊಡ್ಡ ಮೊಸಳೆ ತಿಂಗಳುಗಟ್ಟಲೆ ಉಪವಾಸವಿರಬಲ್ಲದು, ಹೆಜ್ಜಾರ್ಲೆ ಮಾತ್ರ ದಿನವೂ ಮೀನು ಹುಡುಕಬೇಕು. ಮೊಸಳೆಗೂ ತೊಡಕಿಲ್ಲದಿಲ್ಲ: ಮೈ ಬೆಚ್ಚಗಾಗದಿದ್ದರೆ ನುಂಗಿದ್ದು ಸರಿಯಾಗಿ ಜೀರ್ಣವಾಗುವುದಿಲ್ಲ.

ಉತ್ತರ 2:
ಒಂದು ಸೇರ್ಪಡೆ. ಈ ವಿಂಗಡಣೆಯೂ ಗಟ್ಟಿ ಗೋಡೆಯಲ್ಲ. ನಮ್ಮ ಹೆಬ್ಬಾವಿನ ಹೆಣ್ಣು ಮೊಟ್ಟೆಗಳನ್ನು ಸುತ್ತಿಕೊಂಡು ಸ್ನಾಯುಗಳನ್ನು ಪದೇಪದೇ ಅದುರಿಸಿ, ಸುತ್ತಲಿನ ಗಾಳಿಗಿಂತ ಹಲವು ಡಿಗ್ರಿ ಹೆಚ್ಚಿನ ಶಾಖವನ್ನು ತಾನೇ ಉಂಟುಮಾಡುತ್ತದೆ. ಕಾವು ಮುಗಿದ ಮೇಲೆ ಮತ್ತೆ ಬಿಸಿಲನ್ನೇ ನಂಬುತ್ತದೆ.