ಹಾಸ್ಟೆಲ್‌ನಲ್ಲಿ ಕಜ್ಜಿ: ದಸರಾ ರಜೆಗೆ ಮಗನ್ನ ಮನೆಗೆ ಕರೆಸಲೋ ಬೇಡವೋ? ಅನುಭವ ಹೇಳಿ

ದಾವಣಗೆರೆ ಅಮ್ಮ: ಮಗ ಫಸ್ಟ್ ಪಿಯುಸಿ, ಮಂಗಳೂರು ಕಡೆ ಹಾಸ್ಟೆಲ್. ರೂಮಲ್ಲಿ ಆರು ಹುಡುಗರು, ನಾಲ್ವರಿಗೆ ಕಜ್ಜಿ. ಇವನಿಗೂ ಬೆರಳ ಸಂದಿಯಲ್ಲಿ ಎದ್ದಿದೆ, ರಾತ್ರಿ ನಿದ್ದೆ ಇಲ್ಲವಂತೆ. ಶುಕ್ರವಾರದಿಂದ ರಜೆ. ಮನೆಯಲ್ಲಿ ನಾದಿನಿಯ ಎಂಟು ತಿಂಗಳ ಪಾಪು ಇದೆ, ಅತ್ತೆಗೆ ಶುಗರ್. ಕರೆಸಲೋ, ಅಲ್ಲೇ ಔಷಧಿ ಮಾಡಿಸಲೋ?

ತುಮಕೂರಿನಾಕೆ: ನನ್ನ ಕಥೆ ಕೇಳಿ, ಆಮೇಲೆ ನಿಮ್ಮಿಷ್ಟ. ಯುಗಾದಿಗೆ ಮಗಳು ಬಂದಾಗ ಕೈ ಕೆರ್ಕೋತಿದ್ಲು, ಬೆವರುಸಾಲೆ ಅಂದ್ಕೊಂಡೆ. ಒಬ್ಬಟ್ಟು ತಿಂದು ವಾಪಸ್ ಹೋದ್ಲು. ತಿಂಗಳಾದ ಮೇಲೆ ನನಗೆ ಶುರು. ಮೊದಲ ಸಲ ಹತ್ತಿದವರಿಗೆ ನಾಲ್ಕರಿಂದ ಆರು ವಾರ ತುರಿಕೆನೇ ಕಾಣಿಸಲ್ಲವಂತೆ, ಕಜ್ಜಿ ಹುಳ ಮಾತ್ರ ಚರ್ಮದ ಒಳಗೆ ಸಂಸಾರ ಹೂಡಿರುತ್ತೆ. ಅಷ್ಟರಲ್ಲಿ ಯಜಮಾನ್ರು, ಮಾವ, ಪಾತ್ರೆ ತೊಳೆಯೋ ಅಕ್ಕ ಎಲ್ಲರಿಗೂ ಬಂತು. ಲೆಕ್ಕ ಬರೆದಿಟ್ಟಿದೀನಿ: ಚರ್ಮದ ಡಾಕ್ಟ್ರಿಗೆ ಮೂರು ಸಲ 600ರಂತೆ 1,800. ಹುಳ ಸಾಯಿಸೋ ಪರ್ಮೆಥ್ರಿನ್ ಕ್ರೀಮ್ ಟ್ಯೂಬ್ 14, ತಲಾ 95ರಂತೆ 1,330. ಯಜಮಾನ್ರ ಹೊಟ್ಟೆಗೇ ಅರ್ಧ ಟ್ಯೂಬ್ ಬೇಕು. ತುರಿಕೆ ಮಾತ್ರೆ 420. ಗಾದಿ ಗುಜರಿಗೆ ಹಾಕಿ ಹೊಸದು ತಂದಿದ್ದು 9,500. ಒಟ್ಟು 13,050. ಪಾತ್ರೆ ತೊಳೆಯೋ ಅಕ್ಕ ಕೆಲಸ ಬಿಟ್ಟು ಹೋಗಿದ್ದು ಬೇರೆ. ಅವಳೇ ನಮಗೆ ತಂದಿದ್ದು ಅಂತ ಅತ್ತೆ ಬೀದಿಗೆಲ್ಲ ಹೇಳಿಬಿಟ್ಟಿದ್ರು.

ಧಾರವಾಡದಾಂವ: ನಾ ಅಂತೂ ಮಗನ್ನ ಕರಸಲಿಲ್ರೀ, ನಾನ ಹೋದೆ. ಬ್ಯಾಗಿನ್ಯಾಗ 12 ಟ್ಯೂಬ್. ರಾತ್ರಿ ಊಟ ಆದಮ್ಯಾಲೆ ಐದೂ ಹುಡುಗ್ರನ್ನ ಸಾಲಾಗಿ ನಿಲ್ಲಿಸಿ ಕುತ್ತಿಗಿಯಿಂದ ಅಂಗಾಲ ತನಕ, ಉಗುರಿನ ಸಂದ್ಯಾಗ, ಹೊಕ್ಕಳದಾಗ, ಎಲ್ಲಾ ಕಡೆ ಹಚ್ಚಿಸೀನಿ. "ನಾಚಿಕಿ ಬಿಡ್ರಲೇ" ಅಂತ ಬೈದೀನಿ. ಮುಂಜಾನೆ ತನಕ ಕೈ ತೊಳೀಬ್ಯಾಡ್ರಿ, ತೊಳದ್ರ ಮತ್ತ ಹಚ್ಚಬೇಕು ಅಂತ ಬಾಗಲದಾಗ ಕುರ್ಚಿ ಹಾಕ್ಕೊಂಡು ಕುಂತೀನಿ. ಆರನೇದಂವ ಅಕ್ಕನ ಮದುವಿಗೆ ಗದಗಿಗೆ ಹೋಗಿದ್ದ. ಮಂಗಳವಾರ ಬಂದ, ಎಲ್ಲಾರೂ ಒಂದ ಚಾದರದಾಗ ಬಿದ್ದು ಮೊಬೈಲ್‌ನ್ಯಾಗ ಕ್ರಿಕೆಟ್ ನೋಡಿದ್ರು. ಹತ್ತು ಟ್ಯೂಬ್ ನೀರಾಗ ಹೋದ್ವು! ವಾರ್ಡನ್ ಸಾಹೇಬ್ರು ಏನಂದ್ರು ಗೊತ್ತೇನ್ರಿ? "ಬ್ಯಾರೆ ಯಾರೂ ಕಂಪ್ಲೇಂಟ್ ಮಾಡಿಲ್ಲ."

ರಿಟೈರ್ಡ್ ವಾರ್ಡನ್: ಎಲ್ಲದಕ್ಕೂ ವಾರ್ಡನ್ ಸಿಗ್ತಾನೆ ನೋಡಿ ಬೈಯೋಕೆ. ನನ್ನ ಕಾಲದಲ್ಲಿ 180 ಹುಡುಗರು. ಒಬ್ಬನ ಟವೆಲ್ ಇನ್ನೊಬ್ಬನ ಹೆಗಲ ಮೇಲೆ, ಒಂದೇ ಜೀನ್ಸ್ ಮೂರು ಜನಕ್ಕೆ. ಕಜ್ಜಿ ಇದೆ, ಎಲ್ಲರಿಗೂ ಒಂದೇ ದಿನ ಔಷಧಿ ಅಂತ ಮನೆಗೆ ಫೋನ್ ಮಾಡಿದ್ರೆ ಒಬ್ಬ ತಾಯಿ "ನಮ್ಮ ಮನೆತನದಲ್ಲಿ ಅಂಥದ್ದಿಲ್ಲ ಸಾರ್" ಅಂದ್ರು. ಆ ಹುಡುಗನಿಂದಲೇ ಇಡೀ ಎರಡನೇ ಮಹಡಿಗೆ ಹಬ್ಬಿತು. ನನಗೂ ಬಂತು, ಅದನ್ನ ಯಾರೂ ಕೇಳಲಿಲ್ಲ.

ಪಿ.ಜಿ. ಹುಡುಗ: ವಾರ್ಡನ್ ಬಿಡಿ ಸಾರ್, ನನ್ನ ಹಾಳು ಮಾಡಿದ್ದು ಮೆಡಿಕಲ್ ಶಾಪ್. ನೋಡಿದ ತಕ್ಷಣ "ಹುಳುಕಡ್ಡಿ" ಅಂದ, 110 ರೂಪಾಯಿ ಕ್ರೀಮ್ ಕೊಟ್ಟ. ಎರಡೇ ದಿನಕ್ಕೆ ತುರಿಕೆ ಮಾಯ, ಅವನನ್ನ ದೇವರು ಅಂದ್ಕೊಂಡೆ. ಅದರಲ್ಲಿ ಸ್ಟೀರಾಯ್ಡ್ ಇತ್ತು. ಕೆಂಪು ಇಳಿದು ಹುಳ ಮಾತ್ರ ಆರಾಮಾಗಿ ಸೊಂಟ, ತೊಡೆಸಂದಿ ಅಂತ ಊರೆಲ್ಲ ಸುತ್ತಿತು. ಡಾಕ್ಟ್ರಿಗೇ ಮೊದಲು ಗುರುತು ಸಿಗಲಿಲ್ಲ. ಎರಡೂವರೆ ತಿಂಗಳು ಹೋಯ್ತು.

ಔಷಧಿ ಅಂಗಡಿ: ಚೀಟಿ ಇಲ್ಲದೆ ಬಂದು "ಬೇಗ ಕಮ್ಮಿ ಆಗೋದು ಕೊಡಿ" ಅಂದವರು ಯಾರು? ಡಾಕ್ಟ್ರ ಫೀಸ್ ಉಳಿಸೋಕೆ ಬರೋದು ನೀವು, ಬೈಗುಳ ನಮಗೆ.

ನೈಟ್ ಡ್ಯೂಟಿ ಸಿಸ್ಟರ್: ನೀವೆಲ್ಲ ಮನೆಯ ಕಜ್ಜಿ ನೋಡಿದೀರಿ. ವಾರ್ಡಿನದು ನಾನು ನೋಡಿದೀನಿ. ಒಬ್ಬ ತಾತ, ಕೈ ಮೇಲೆ ಒಣಗಿದ ಮಣ್ಣಿನ ಹಾಗೆ ದಪ್ಪ ಹಕ್ಕಳೆ. ಸೋರಿಯಾಸಿಸ್, ಅಂಟದ ಚರ್ಮರೋಗ ಅಂತ ಜನರಲ್ ವಾರ್ಡಲ್ಲಿ 11 ದಿನ ಮಲಗಿಸಿದ್ರು. ಮಾಮೂಲಿ ಕಜ್ಜಿಯಲ್ಲಿ ಮೈಮೇಲೆ 10ರಿಂದ 15 ಹುಳ, ಈ ಹಕ್ಕಳೆ ಕಜ್ಜಿಯಲ್ಲಿ ಲಕ್ಷಗಟ್ಟಲೆ. ಬೆಡ್‌ಶೀಟ್ ಕೊಡವಿದ ಆಯಾಗೆ ಮೊದಲು ಬಂತು, ಆಮೇಲೆ ವಾರ್ಡ್ ಬಾಯ್, ಫಿಸಿಯೋ, ಮೂವರು ಸಿಸ್ಟರ್. ನಾವು ದಿನಕ್ಕೆ ನಲವತ್ತು ಸಲ ಸ್ಯಾನಿಟೈಜರ್ ಉಜ್ಜಿದ್ದೇ ಉಜ್ಜಿದ್ದು, ಈ ಹುಳ ಅದಕ್ಕೆ ಜಗ್ಗಲ್ಲ. ಗ್ಲೌಸ್, ಗೌನ್ ಹಾಕ್ಬೇಕಿತ್ತು. ಗೊತ್ತಾಗೋ ಹೊತ್ತಿಗೆ ನನ್ನ ಮದುವೆಗೆ 18 ದಿನ. ಮೆಹಂದಿ ಹಾಕೋ ಹುಡುಗಿ ಕೈ ಹಿಡ್ಕೊಂಡು ಬೆರಳ ಸಂದಿ ನೋಡಿದ್ಲು, ಮಾತಾಡದೆ ಕೋನ್ ಕೆಳಗಿಟ್ಲು. ಆ ಮುಖ ಇನ್ನೂ ಮರೆತಿಲ್ಲ.

ತುಮಕೂರಿನವರೇ, ಗಾದಿ ಎಸೆದಿದ್ದು ದಂಡ. ಮೈ ಬಿಟ್ಟರೆ ಹುಳ ಎರಡು ಮೂರು ದಿನಕ್ಕೆ ಸಾಯುತ್ತೆ.

ತುಮಕೂರಿನಾಕೆ: ದಂಡ ಅನ್ನೋಕೆ ನೀವ್ಯಾರು? ರಾತ್ರಿ ಮೂರು ಗಂಟೆಗೆ ಎದ್ದು ಕೂತವಳು ನಾನು.

ಶಿರಸಿ ಅಜ್ಜ: ನಮ್ಮ ಕಾಲದಲ್ಲಿ ಗಂಧಕವನ್ನು ಕೊಬ್ಬರಿ ಎಣ್ಣೆಯಲ್ಲಿ ಅರೆದು ಮೂರು ದಿನ ಹಚ್ಚುತ್ತಿದ್ದರು, ಬಿಸಿನೀರ ಹಂಡೆಯಲ್ಲಿ ಬಟ್ಟೆ ಕುದಿಸುತ್ತಿದ್ದರು. 14 ಟ್ಯೂಬ್ ಅಂತೆ!

ಪಿ.ಜಿ. ಹುಡುಗ: ಬಂತು ನೋಡಿ ವಾಟ್ಸಾಪ್ ವೈದ್ಯ.

ನೈಟ್ ಡ್ಯೂಟಿ ಸಿಸ್ಟರ್: ನಗಬೇಡಪ್ಪ. ಗಂಧಕದ ಮುಲಾಮು ಡಾಕ್ಟ್ರುಗಳೂ ಬರೀತಾರೆ, ವಾಸನೆಗೆ ಯಾರೂ ಹಚ್ಚಲ್ಲ ಅಷ್ಟೇ. ಅಜ್ಜಾ, ಮನೇಲಿ ಅಂದಾಜಿಗೆ ಅರೆದರೆ ಚರ್ಮ ಸುಡುತ್ತೆ.

ದಾವಣಗೆರೆ ಅಮ್ಮ: ಎಲ್ಲರಿಗೂ ಥ್ಯಾಂಕ್ಸ್. ಆದರೆ ಪಾಪು ವಿಷಯ ಯಾರೂ ಹೇಳಲಿಲ್ಲ...

ನೈಟ್ ಡ್ಯೂಟಿ ಸಿಸ್ಟರ್: ಎರಡು ತಿಂಗಳು ದಾಟಿದ್ರೆ ಅದೇ ಪರ್ಮೆಥ್ರಿನ್ ಕ್ರೀಮ್ ಆಗುತ್ತೆ, ಡಾಕ್ಟ್ರಿಗೆ ತೋರಿಸಿ. ಪಾಪುಗೆ ತಲೆಗೂ ಹಚ್ಚಬೇಕು, ಬೆರಳು ಚೀಪದ ಹಾಗೆ ಕೈಗೆ ಕಾಲುಚೀಲ ಹಾಕಿ. ಕಜ್ಜಿ ಹುಳಕ್ಕೆ ನುಂಗೋ ಐವರ್‌ಮೆಕ್ಟಿನ್ ಮಾತ್ರೆ 15 ಕೆ.ಜಿ. ಒಳಗಿನವರಿಗೆ ಬೇಡ. ತುರಿಕೆ ಇರಲಿ ಬಿಡಲಿ, ಮನೆಮಂದಿಯೆಲ್ಲ ಒಂದೇ ರಾತ್ರಿ ಹಚ್ಚಿ, ವಾರ ಬಿಟ್ಟು ಇನ್ನೊಂದು ಸಲ.

ಧಾರವಾಡದಾಂವ: ಆಮ್ಯಾಲೂ ಎರಡರಿಂದ ನಾಲ್ಕು ವಾರ ತುರಸ್ತದ್ರೀ, ಹುಳ ಸತ್ತಿದ್ರೂ. ಅದು ಗೊತ್ತಿಲ್ಲದ ನಾ ಮಗಗ ದಿನಾ ಹಚ್ಚಿಸಿ ಮೈ ಉರಿ ಎಬ್ಬಿಸೀನಿ. ಆ ವಾರ್ಡನ್‌ರ ಒಂದ್ ಮಾತು ಹೇಳಬಹುದಿತ್ತು.

ರಿಟೈರ್ಡ್ ವಾರ್ಡನ್: ಮತ್ತೆ ವಾರ್ಡನ್!

ದಾವಣಗೆರೆ ಅಮ್ಮ: ಈಗಷ್ಟೇ ಮಗ ಫೋನ್ ಮಾಡಿದ, ಬಸ್ ಹತ್ತಿ ಆಗಿದೆಯಂತೆ. ಜೊತೆಗೆ ರೂಮ್‌ಮೇಟ್ ಒಬ್ಬನೂ ಬರ್ತಿದಾನಂತೆ, ಮೂರು ದಿನಕ್ಕೆ.

ತುಮಕೂರಿನಾಕೆ: ಸಿಸ್ಟರ್, ಎರಡು ಮೂರು ದಿನ ಗಾದಿ ಮೇಲೆ ಮಲಗದೆ ನೆಲದ ಮೇಲೆ ಮಲಗಿ ಅಂತ ನಮ್ಮ ಮಾವನಿಗೆ ನೀವು ಬಂದು ಹೇಳ್ತೀರಾ?