‘ಅನ್ನನಾಳ ಕ್ಯಾನ್ಸರ್‌ಗೆ ಇನ್ನು ರೇಡಿಯೇಶನ್ ಬೇಡ’: ಬ್ಯಾಚ್ ಗುಂಪಿನಲ್ಲಿ ಒಂದು ಫಾರ್ವರ್ಡ್

ಮಂಜು: *ಫಾರ್ವರ್ಡ್* “ಅನ್ನನಾಳದ ಕ್ಯಾನ್ಸರ್‌ಗೆ ಇನ್ನು ರೇಡಿಯೇಶನ್ ಬೇಡ! ಕೀಮೋ ಒಂದೇ ಸಾಕು, ಜರ್ಮನಿಯ ಟ್ರಯಲ್‌ನಲ್ಲಿ ಸಾಬೀತು. ಎಲ್ಲರಿಗೂ ಕಳಿಸಿ”

ಮಂಜು: ಆ ಟ್ರಯಲ್ (ರೋಗಿಗಳ ಮೇಲಿನ ಚಿಕಿತ್ಸಾ ಪ್ರಯೋಗ) ಹೆಸರು ಇಸೋಪೆಕ್. 438 ಜನ. ಫ್ಲಾಟ್ ಅನ್ನೋ ಕೀಮೋ ಕೊಟ್ಟ ಗುಂಪಲ್ಲಿ ಮೀಡಿಯನ್, ಅಂದ್ರೆ ಅರ್ಧ ಜನ ಬದುಕಿದ್ದ ಅವಧಿ, 66 ತಿಂಗಳು; ಆಪರೇಷನ್‌ಗೆ ಮುಂಚೆ ಕೀಮೋ ಜೊತೆ ರೇಡಿಯೇಶನ್ ಕೊಡೋ ‘ಕ್ರಾಸ್’ ಗುಂಪಿಂದು 37. ಇನ್ನೇನು ಬೇಕ್ರಪ್ಪಾ?

ವೀಣಾ: ಅಂಕಿ ಸರಿ, ತಲೆಬರಹ ತಪ್ಪು. ಅಲ್ಲಿ ಸೇರಿಸಿಕೊಂಡಿದ್ದು ಅಡಿನೋಕಾರ್ಸಿನೋಮಾ, ಅಂದ್ರೆ ಗ್ರಂಥಿ ಕೋಶದ ಕ್ಯಾನ್ಸರ್ ಇದ್ದವರನ್ನ ಮಾತ್ರ. ನಮ್ಮಲ್ಲಿ ಹೆಚ್ಚು ಬರೋದು ಸ್ಕ್ವೇಮಸ್, ಒಳಪದರದ ಚಪ್ಪಟೆ ಕೋಶದ್ದು. ರೇಡಿಯೇಶನ್‌ಗೆ ‘ಕರೆಂಟ್ ಕೊಡ್ತಾರೆ’ ಅಂದ್ರೇ ಹೆದರೋ ಜನಕ್ಕೆ ಇದನ್ನ ಕಳಿಸ್ತೀಯಲ್ಲೋ!

ಮಂಜು: ಕ್ರಾಸ್ 2012ರದ್ದು ಕಣೇ, ಹಳೇದು.

ವೀಣಾ: ಹಳೇದಾದ್ರೇನು? 41.4 ಗ್ರೇ ರೇಡಿಯೇಶನ್, 23 ಫ್ರ್ಯಾಕ್ಷನ್ ಅಂದ್ರೆ ಕಂತಲ್ಲಿ, ಜೊತೆಗೆ ವಾರಕ್ಕೊಮ್ಮೆ ಕಾರ್ಬೋಪ್ಲಾಟಿನ್-ಪ್ಯಾಕ್ಲಿಟಾಕ್ಸೆಲ್ ಕೀಮೋ, ಐದು ಸಲ. ಆಮೇಲೆ ಆಪರೇಷನ್‌ನಲ್ಲಿ ತೆಗೆದ ಭಾಗದಲ್ಲಿ ಜೀವಂತ ಕ್ಯಾನ್ಸರ್ ಕಣವೇ ಸಿಗದವರು ಅಡಿನೋದಲ್ಲಿ 23%, ಸ್ಕ್ವೇಮಸ್‌ನಲ್ಲಿ 49%. ನೀನು ಬೇಡ ಅಂತಿರೋದು ಈ 49ನ್ನ.

ಮಂಜು: ಜಪಾನ್‌ನಲ್ಲಿ ಸ್ಕ್ವೇಮಸ್‌ಗೂ ಕೀಮೋನೇ ಗೆದ್ದಿದೆ. ಜೆಸಿಒಜಿ 1109 ಟ್ರಯಲ್ ನೋಡು.

ಶಶಿ: ನಾನು ನೋಡಿದೀನಿ, ತಡಿ. ಗೆದ್ದಿದ್ದು ಮೂರು ಔಷಧದ ಕೀಮೋ, ಡಿಸಿಎಫ್. ಸೋತಿದ್ದು ಎರಡು ಔಷಧದ ಸಿಎಫ್. ಮೂರು ವರ್ಷಕ್ಕೆ ಬದುಕಿದ್ದವರು ಡಿಸಿಎಫ್‌ನಲ್ಲಿ 72.1%, ಸಿಎಫ್‌ನಲ್ಲಿ 62.6%. ಸಿಎಫ್ ಜೊತೆ ರೇಡಿಯೇಶನ್ ಕೊಟ್ಟ ಗುಂಪು 68.3%. ಅದನ್ನೂ ಹೋಲಿಸಿದ್ದು ಬರೀ ಸಿಎಫ್ ಎದುರೇ, ಡಿಸಿಎಫ್ ಎದುರು ಅಲ್ಲ. ಡಿಸಿಎಫ್‌ನಲ್ಲಿ ಬಿಳಿ ರಕ್ತಕಣ ಇಳಿದು ಜ್ವರ ಬಂದವರು 16%, ಸಿಎಫ್‌ನಲ್ಲಿ 1%. ಊಟ ಇಳಿಯದೆ ಹತ್ತು ಕೆಜಿ ಕಳ್ಕೊಂಡು ಬಂದವರಿಗೆ ಆ ಜ್ವರ ಸಣ್ಣ ಮಾತಲ್ಲ ಮಾರಾಯ.

ವೀಣಾ: ಫ್ಲಾಟ್ ಕೂಡ ಬರೆದುಕೊಟ್ಟಷ್ಟು ಸುಲಭ ಅಲ್ಲ. ಅದರಲ್ಲಿರೋ 5-ಎಫ್‌ಯು ಔಷಧ 24 ಗಂಟೆ ನಿಲ್ಲದೆ ಹೋಗ್ಬೇಕು, ದೊಡ್ಡ ರಕ್ತನಾಳಕ್ಕೆ ಹಾಕೋ ಪೋರ್ಟ್ ಇಲ್ಲಾ ಪಿಕ್ ಲೈನ್ ಬೇಕು, ಪಂಪ್ ಬೇಕು. ಎರಡು ವಾರಕ್ಕೊಂದು ಸಲದಂತೆ ಆಪರೇಷನ್‌ಗೆ ಮುಂಚೆ ನಾಲ್ಕು ಸಲ, ಆಮೇಲೆ ನಾಲ್ಕು ಸಲ. ಆಮೇಲಿನ ನಾಲ್ಕು ಎಷ್ಟೋ ಜನಕ್ಕೆ ಪೂರ್ತಿ ಆಗೋದೇ ಇಲ್ಲ.

ರಫೀಕ್: ಟ್ರಯಲ್‌ಗೆ ಸೇರಿದ್ರೆ ಅರ್ಧ ಜನಕ್ಕೆ ಬರೀ ನೀರು ಅಂತಾರಲ್ಲ, ಅದು?

ಶಶಿ: ಚಿಕಿತ್ಸೆ ಬದಲಿಗೆ ಯಾರೂ ನೀರು ಕೊಡಲ್ಲ. ಚೆಕ್‌ಮೇಟ್ 577 ಟ್ರಯಲ್‌ನಲ್ಲಿ ಪ್ಲಾಸಿಬೊ (ಔಷಧ ಇಲ್ಲದ ಡೋಸ್) ಇತ್ತು ನಿಜ, ಆದ್ರೆ ಕೀಮೋ, ರೇಡಿಯೇಶನ್, ಆಪರೇಷನ್ ಮೂರೂ ಮುಗಿದ ಮೇಲೆ. ಅವತ್ತಿಗೆ ಆ ಹಂತದಲ್ಲಿ ಕೊಡೋಕೆ ಬೇರೆ ಏನೂ ಇರಲಿಲ್ಲ. ಅದಕ್ಕಿಂತ ದೊಡ್ಡ ಎಡವಟ್ಟು ಬೇರೆ: ದೊಡ್ಡ ಆಸ್ಪತ್ರೇಲಿ ಜಾಗ ಸಿಗೋವರೆಗೆ ಇರಲಿ ಅಂತ ಊರಲ್ಲೇ ಒಂದು ಡೋಸ್ ಕೀಮೋ ಹಾಕಿಬಿಡೋದು. ಆಪರೇಷನ್‌ಗೆ ಮುಂಚಿನ ಟ್ರಯಲ್‌ಗಳಲ್ಲಿ ಅಷ್ಟಕ್ಕೇ ಬಾಗಿಲು ಮುಚ್ಚಬಹುದು. ಮೊದಲು ಭಾರತದ ಟ್ರಯಲ್‌ಗಳ ಪಟ್ಟಿ ಇರೋ ಸಿಟಿಆರ್‌ಐ ಸೈಟಲ್ಲಿ ಹುಡುಕಿ. ಬಯಾಪ್ಸಿ ರಿಪೋರ್ಟ್ ಮಾತ್ರ ಅಲ್ಲ, ಬಯಾಪ್ಸಿ ತುಂಡು ಇಟ್ಟಿರೋ ಮೇಣದ ಬ್ಲಾಕನ್ನೂ ಕೇಳಿ ಇಸ್ಕೊಳ್ಳಿ. ಇಮ್ಯುನೋಥೆರಪಿ ಎಷ್ಟು ಕೆಲಸ ಮಾಡಬಹುದು ಅಂತ ಅಂದಾಜಿಸೋ ಪಿಡಿ-ಎಲ್1 ಪ್ರೋಟೀನ್ ನೋಡೋದು ಅದರಲ್ಲೇ.

ಮಂಜು: ಸರಿ, ಡಿಲೀಟ್ ಮಾಡ್ದೆ. ‘ಅಡಿನೋಕಾರ್ಸಿನೋಮಾ ಇದ್ದವರಿಗೆ’ ಅಂತ ಸೇರಿಸಿ ಮತ್ತೆ ಹಾಕ್ಲಾ?

ವೀಣಾ: ‘ಆಪರೇಷನ್ ಮಾಡಬಹುದಾದ’ ಅಂತನೂ ಸೇರಿಸು. ‘ಎಲ್ಲರಿಗೂ ಕಳಿಸಿ’ ತೆಗಿ.